ಸೂರಿನ ಮೇಲೆ ಮೇಯರ್ ಮುಖ

ಡೊಮಿನಿಕನ್ ಗಣರಾಜ್ಯದ ಬೆಟ್ಟವೊಂದರಲ್ಲಿ ನಮ್ಮೂರ ಆಸ್ಪತ್ರೆ. ಮೊಮ್ಮಗುವಿಗೆ ಲಸಿಕೆ ಹಾಕಿಸಲು ಬಂದ ಒಬ್ದುಲಿಯಾ, ಏಣಿ ಹೊತ್ತು ಬಂದ ಬಡಗಿ ಫೆರ್ಮಿನ್‌ನನ್ನು, ಸರದಿಗೆ ಕಾದು ಕೂತಿದ್ದ ನನ್ನ ಪಕ್ಕದಲ್ಲೇ ತಡೆದಳು.

“ಫ್ರಿಜ್ ಕೆಟ್ಟಿದ್ಯಂತೆ, ಲಸಿಕೆ ಇಲ್ವಂತೆ ಕಣೋ.”

“ಕೆಟ್ಟಿಲ್ಲ ಅಕ್ಕಾ, ಕರೆಂಟಿಲ್ಲ.”

“ಸೂರಿನ ಮೇಲೆ ಸೋಲಾರ್ ಹಾಕಿದ್ರಲ್ಲ?”

“ಅದರ ಮೇಲೆ ಮೇಯರು ತನ್ನ ಮುಖದ ಪೋಸ್ಟರ್ ಅಂಟಿಸವ್ನೆ.”

“ಅಷ್ಟು ಮೇಲೆ ಯಾರು ನೋಡ್ತಾರೋ?”

“ಹೆಲಿಕಾಪ್ಟರಲ್ಲಿ ಬಂದ ಮಂತ್ರಿ ನೋಡ್ಲಿ ಅಂತ.”

“ನೋಡಿದ್ರಾ?”

“ನಿದ್ದೆ ಹೊಡೀತಿದ್ರಂತೆ.”

“ಕಿತ್ತು ಬಿಸಾಕೋ ಮಾರಾಯ!”

“ಬೆಳಿಗ್ಗೆ ಹಣೆಯಿಂದ ಮೀಸೆವರೆಗೂ ಕಿತ್ತೆ, ಫ್ಯಾನ್ ತಿರುಗ್ತು. ಫ್ರಿಜ್ಜಿಗೆ ಸಾಲ್ತಿಲ್ಲ. ಇನ್ನು ಬಾಯೊಂದು ಬಾಕಿ.”

ಒಬ್ದುಲಿಯಾ ಮಗುವನ್ನು ನನ್ನ ಮಡಿಲಿಗೆ ಹಾಕಿ, ಏಣಿಯ ಇನ್ನೊಂದು ತುದಿ ಎತ್ತಿ ಹೊರಟಳು.

“ಅದನ್ನೇ ಅಲ್ವೇನೋ ಮೊದ್ಲು ಕೀಳ್ಬೇಕಾಗಿದ್ದು!”