ಅವ್ವನ ಬ್ರೆಡ್ಡಿಗೆ ಜೋಳದ ಹಿಟ್ಟು

ಇಳಕಲ್ಲಿನ ಕಿರಾಣಿ ಅಂಗಡಿಯಲ್ಲಿ ನನ್ನ ಮುಂದೆ ಅಕ್ಕತಂಗಿಯರಿಬ್ಬರು ನಿಂತಿದ್ದರು. ತಂಗಿ ಮೊದಲ ಸಲ ಮನೆಯಲ್ಲೇ ಬ್ರೆಡ್ ಮಾಡಲು ಹೊರಟಿದ್ದಳು.

“ಅಡಗಿ ಸೋಡಾ ಹಾಕಿದ್ರ ಸಾಕಲ್ಲ, ಅಕ್ಕಾ?”

“ಬ್ಯಾಡ ಸುನಂದಾ, ಈಸ್ಟ್ ತಗೋ. ಹಿಟ್ಟು ಮೈದಾದ್ದ ಇರಲಿ, ಮೆತ್ತಗ ಉಬ್ಬತೈತಿ.”

“ಜ್ವಾಳದ ಹಿಟ್ಟೂ ಬೇಕು.”

“ಹುಚ್ಚಿ, ಜ್ವಾಳ ಉಬ್ಬಂಗಿಲ್ಲ. ಬ್ರೆಡ್ ಕಲ್ಲಾಗತೈತಿ. ಬಾಯಿ ಆಪರೇಷನ್ ಆದ ಅವ್ವ ಹೆಂಗ ತಿನ್ನಬೇಕು?”

“ಒಂದು ಹಿಡಿಯಷ್ಟ ಸೇರಸ್ತೇನಿ. ನಿನ್ನಿ ನಾ ಜ್ವಾಳದ ರೊಟ್ಟಿ ಬಡಿಯಾಕತ್ತಿದ್ದೆ. ಅಕಿ ಒಲಿ ಮುಂದ ಬಂದು ಕುಂತು, ವಾಸನಿ ಆದ್ರೂ ತಗೋತೇನಿ ಅಂದ್ಲು.”

ಅಕ್ಕ ಅಂಗಡಿಯವನತ್ತ ತಿರುಗಿ, “ಅಣ್ಣಾ, ಜ್ವಾಳದ ಹಿಟ್ಟೂ ಕೊಡ್ರಿ. ಸಣ್ಣಗ ಬೀಸಿದ್ದು ಇರಲಿ,” ಎಂದಳು.

ಚೀಲ ಹಿಡಿದು ಇಬ್ಬರೂ ಹುನಗುಂದದ ಬಸ್ಸಿನತ್ತ ನಡೆದರು.