ಮಗ್ಗದ ಗುಂಡೀಲಿ ಸಿಕ್ಕಿಕೊಂಡ ಸಂಕಪ್ಪ

ಹತ್ತಿರ ಬನ್ರಪ್ಪಾ, ಹಿಂದೆ ಕೂತೋರಿಗೂ ಕೇಳ್ಬೇಕು. ಯಾವ ಕಾಲವೋ, ಯಾವ ರಾಜ್ಯವೋ, ನಂಗೆ ಹೇಳಿದ ಅಜ್ಜಿಗೂ ಗೊತ್ತಿರ್ಲಿಲ್ಲ, ನಂಗೂ ಗೊತ್ತಿಲ್ಲ. ಊರು ಅಂತೂ ಒಂದಿತ್ತು. ಆ ಊರಲ್ಲಿ ಸಂಕಪ್ಪ ಅಂತ ಒಬ್ಬ ನೇಕಾರ. ಗುಂಡಿಮಗ್ಗ ನೋಡಿದೀರಲ್ಲ? ನೆಲದಲ್ಲಿ ಗುಂಡಿ, ಗುಂಡಿಯೊಳಗೆ ಕಾಲು, ಎದುರಿಗೆ ಮಗ್ಗ. ಬೆಳಿಗ್ಗೆ ಅದರಲ್ಲಿ ಕೂತ್ರೆ ಸಂಕಪ್ಪ ಏಳ್ತಿದ್ದಿದ್ದು ಮಲಗೋಕೆ ಮಾತ್ರ.

ಅವನು ನೇಯ್ದ ಸೀರೆ ಇಲ್ದೆ ಆ ಸೀಮೇಲಿ ಮದುವೆ ಇಲ್ಲ. ಸೀರೆ ನೇಯ್ಕೊಡು ಅಂತ ಹೇಳೋಕೆ ಬಂದೋರು ಬರಿಗೈಲಿ ಬರ್ತಾರಾ? ಒಬ್ರು ಉಂಡೆ ತಂದ್ರು, ಒಬ್ರು ಕಜ್ಜಾಯ ತಂದ್ರು, ಒಬ್ರು ಚಕ್ಕುಲಿ ತಂದ್ರು. ಸಂಕಪ್ಪ ಒಂದು ಕೈಲಿ ಲಾಳಿ ಎಸೆದ, ಇನ್ನೊಂದು ಕೈಲಿ ಬಾಯಿಗೆ ಎಸ್ಕೊಂಡ. ಉಳಿದದ್ದೆಲ್ಲ ಹೆಂಡ್ತಿ ತಂದ್ಕೊಡ್ಬೇಕು. "ತಿಪ್ಪವ್ವಾ, ನೀರು! ತಿಪ್ಪವ್ವಾ, ನೂಲು! ತಿಪ್ಪವ್ವಾ, ಇನ್ನೊಂದು ಕಜ್ಜಾಯ!" ವರ್ಷ ಕಳೀತು, ಹೊಟ್ಟೆ ಬೆಳೀತು. ರಾತ್ರಿ ಗುಂಡಿಯಿಂದ ಏಳೋಕೂ ತಿಪ್ಪವ್ವ ಕೈಹಿಡಿದು ಎಳೀಬೇಕು.

ಹಿಂಗಿರೋವಾಗ ಅವರ ಮಗಳು ತನ್ನ ಕೂಸು ಬನವ್ವನ್ನ ತವರಲ್ಲಿ ಬಿಟ್ಟು, ಸುಗ್ಗಿ ಕೆಲಸಕ್ಕೆ ಗಂಡನ ಊರಿಗೆ ಹೋದ್ಲು. ಕೂಸಿಗೆ ಅಂಬೆಗಾಲಿಡೋ ವಯಸ್ಸು. ಒಂದಿನ ತಿಪ್ಪವ್ವ, "ನೂಲು ತೊಳ್ಕೊಂಡು ಬರ್ತೀನಿ, ಕೂಸಿನ ಮೇಲೆ ಕಣ್ಣಿಡಿ" ಅಂತ ಹೊಳೆಗೆ ಹೊರಟ್ಲು.

ಸಂಕಪ್ಪ ಕಣ್ಣಿಟ್ಟಿದ್ದ, ಸುಳ್ಳು ಹೇಳ್ಬಾರ್ದು. ಆ ಕಣ್ಣೆದುರೇ ಕೂಸು ಒಲೆ ಕಡೆ ಹೋಯ್ತು. ಒಲೆ ಮೇಲೆ ಏನಿತ್ತು? ನೂಲಿಗೆ ಹಾಕೋ ಗಂಜಿ, ಕೊತಕೊತ ಕುದೀತಿತ್ತು. "ಬನವ್ವಾ, ಬೇಡ!" ಅಂತ ಕೂಗಿ ಸಂಕಪ್ಪ ಏಳೋಕೆ ಹೋದ. ಮಗ್ಗದ ಮರಕ್ಕೂ ಗುಂಡಿ ಅಂಚಿಗೂ ಮಧ್ಯೆ ಹೊಟ್ಟೆ ಸಿಕ್ಕಿಕೊಳ್ತು! ಮೇಲಕ್ಕೆ ಒತ್ತಿದ, ಬರ್ಲಿಲ್ಲ. ಪಕ್ಕಕ್ಕೆ ಜರುಗಿದ, ಬರ್ಲಿಲ್ಲ. ಉಸಿರು ಬಿಗಿಹಿಡಿದು ನೋಡಿದ, ಬರ್ಲಿಲ್ಲ. ಮಡಕೆ ಇಳಿಸೋಕೆ ಅಂತ ಅದರ ಕತ್ತಿಗೆ ಕಟ್ಟಿದ್ದ ಹಗ್ಗಾನ ಕೂಸು ಹಿಡಿದು ನಗ್ತಾ ಎಳೀತು.

ಹೆದರ್ಬೇಡಿ, ಕೇಳಿ. ಬಾಗಿಲು ದಾಟಿದ್ದ ತಿಪ್ಪವ್ವ ಆ ಕೂಗು ಕೇಳಿ ಓಡಿ ಬಂದ್ಲು, ಕೂಸನ್ನ ಬಾಚಿ ಎತ್ತಿದ್ಲು. ಗಂಜಿ ಧಸಕ್ಕಂತ ಚೆಲ್ತು, ಕೂಸು ಇದ್ದ ಜಾಗದಲ್ಲೇ. ತಿಪ್ಪವ್ವ ಗಂಡನಿಗೆ ಒಂದು ಮಾತು ಬೈಲಿಲ್ಲ. ಬೈದಿದ್ರೆ ತಡ್ಕೋತಿದ್ದ. ಗುಂಡೀಲಿ ಕೂತೇ ಗಳಗಳ ಅತ್ತ.

ಮಾರನೇ ದಿನ, "ಇನ್ಮೇಲೆ ತಿನ್ನೋದೇ ಇಲ್ಲ" ಅಂದ. ಹೊತ್ತು ಮುಳುಗೋವರೆಗೂ ತಿನ್ಲಿಲ್ಲ. ಮುಳುಗಿದ್ದೇ ತಡ, ಮನೇಲಿದ್ದ ಮುದ್ದೆ, ಸಾರು, ನಾಳೆಗೆ ನೆನೆಹಾಕಿದ್ದ ಕಡ್ಲೆಕಾಳು, ಎಲ್ಲ ಖಾಲಿ! ಆಮೇಲೆ, "ಗರಡಿಗೆ ಹೋಗ್ತೀನಿ" ಅಂದ. ಹೋದೋನು ಪೈಲ್ವಾನರು ಎತ್ತೋ ಗುಂಡುಕಲ್ಲು ಎತ್ತೋಕೆ ಹೋಗಿ ಸೊಂಟ ಹಿಡಿಸ್ಕೊಂಡ. ಹಾಸಿಗೇಲಿ ಬಿದ್ದೋನಿಗೆ ಊರೋರು ಏನು ತಂದ್ರು? ಉಂಡೆ!

ತಿಪ್ಪವ್ವ ಸೊಂಟಕ್ಕೆ ಎಣ್ಣೆ ತಿಕ್ಕುತ್ತಾ ಅಂದ್ಲು, "ಅಲ್ಲ, ಈ ಹೊಟ್ಟೆ ಒಂದೇ ದಿನಕ್ಕೆ ಬಂತಾ?"

"ಇಲ್ಲ."

"ಹೋಗೋದಕ್ಕೆ ಯಾಕೆ ಅವಸರ ಮಾಡ್ತೀರಿ? ನಿಧಾನಕ್ಕೆ ಹೋಗ್ಲಿ. ಆದ್ರೆ ನೀವು ಮತ್ತೆ ಮಗ್ಗಕ್ಕೆ ಕೂತ್ಮೇಲೆ ನಂಗೆ ಕಿವಿ ಕೇಳಲ್ಲ."

ಸೊಂಟ ಸರಿಹೋಯ್ತು, ಗುಂಡಿ ಅಂಚು ಒಂಚೂರು ಅಗಲ ಮಾಡ್ಕೊಂಡು ಮಗ್ಗಕ್ಕೆ ಕೂತ. "ತಿಪ್ಪವ್ವಾ, ನೀರು!" ಉತ್ತರ ಇಲ್ಲ. "ತಿಪ್ಪವ್ವಾ, ನೂಲು!" ಉಹೂಂ. ಏನ್ಮಾಡ್ತಾನೆ? ಗೊಣಗ್ತಾ ಎದ್ದ, ತಾನೇ ತಂದ, ಮತ್ತೆ ಕೂತ. ಮೊದಮೊದಲು ಎದ್ದೇಳೋದ್ರಲ್ಲೇ ಏದುಸಿರು. ಊಟವೂ ಗುಂಡಿ ಹತ್ರ ಬರೋದು ನಿಂತ್ಹೋಯ್ತು. ಅಡುಗೆಮನೇಲಿ ಹೆಂಡ್ತಿ, ಕೂಸಿನ ಜೊತೆ ಕೂತು ಉಣ್ಬೇಕು. ಮೊದ್ಲು ಸೊಪ್ಪಿನ ಪಲ್ಯ, ಆಮೇಲೆ ಅರ್ಧ ಮುದ್ದೆ, ಕೊನೆಗೆ ಮಜ್ಜಿಗೆ. ಸಂಜೆ ಕೂಸನ್ನ ಹೆಗಲ ಮೇಲೆ ಕೂರಿಸ್ಕೊಂಡು ಹೊಳೆ ತನಕ ನಡೆಯೋದು.

ಕಳ್ಳತನ ಮಾಡ್ಲಿಲ್ವಾ ಅಂತೀರಾ? ಮಾಡ್ದ. ಯಾರೋ ತಂದ ಉಂಡೆಗಳನ್ನ ಲಾಳಿ ಪೆಟ್ಟಿಗೇಲಿ ಬಚ್ಚಿಟ್ಟ. ಮಾರನೇ ದಿನ ನೋಡಿದ್ರೆ ಮದುವೆ ಸೀರೆ ಜರಿ ಅಂಚಿನ ಮೇಲೆ ಇರುವೆಗಳ ದಿಬ್ಬಣ! ಗಂಡ ಹೆಂಡ್ತಿ ಇಬ್ರೂ ಕೂತು ಒಂದೊಂದೇ ಆರಿಸಿ ತೆಗೆದ್ರು. ತಿಪ್ಪವ್ವ ನಗ್ತಾನೇ ಇದ್ಲು, ಕೊನೆಗೆ ಅವನೂ ನಕ್ಕ.

ಸಂಕಪ್ಪ ಸಣಕಲ ಆಗ್ಲಿಲ್ಲ, ದೊಡ್ಡಾಳಾಗೇ ಉಳ್ದ. ಆದ್ರೆ ಹೊಟ್ಟೆ ಇಳೀತು, ಉಸಿರು ಹಗುರಾಯ್ತು. ಸುಗ್ಗಿ ಮುಗಿದ ಮೇಲೆ ಕೂಸನ್ನ ಎತ್ಕೊಂಡು, ತಿಪ್ಪವ್ವನ ಜೊತೆ ಗುಡ್ಡ ಹತ್ತಿ ಇಳಿದು ಮಗಳ ಊರಿಗೇ ನಡ್ಕೊಂಡು ಹೋದ. ಮಗಳ ಅತ್ತೆ ಹೊನ್ನಕ್ಕ ಓಡಿ ಬಂದು, "ಗಾಡಿ ಎಲ್ಲಿ ಬೀಗ್ರೇ?" ಅಂತ ಬೀದಿ ಉದ್ದಕ್ಕೂ ಹುಡುಕಿದ್ಲು!

ಊಟಕ್ಕೆ ಬಿಸಿ ಒಬ್ಬಟ್ಟು, ಮೇಲೆ ತುಪ್ಪ. ಸಂಕಪ್ಪ ಒಂದನ್ನ ನಿಧಾನವಾಗಿ ತಿಂದು, ಎಲೆಗೆ ಕೈ ಅಡ್ಡ ಹಿಡಿದ. ಹೊನ್ನಕ್ಕನ ಮುಖ ಬಾಡಿತು. "ಯಾಕೆ, ರುಚಿ ಇಲ್ವಾ?"

"ಅಯ್ಯೋ ತಾಯಿ! ಇಷ್ಟು ವರ್ಷ ಎಷ್ಟು ತಿಂದೆ ಅಂತ ಹೇಳ್ತಿದ್ದೆ, ಹೆಂಗಿತ್ತು ಅಂತ ಹೇಳೋಕೆ ಬರ್ತಿರ್ಲಿಲ್ಲ. ಇವತ್ತು ಬರುತ್ತೆ. ಬೆಲ್ಲ ಹೊಸದು. ಏಲಕ್ಕಿ ಈಗಷ್ಟೇ ಕುಟ್ಟಿದ್ದು. ಅಂಚಲ್ಲಿ ಒಂದು ಚೂರು ಗರಿಗರಿಯಾಗಿ ಸುಟ್ಟಿದೆ ನೋಡು, ಅದರ ರುಚಿ ಇನ್ನೂ ಬಾಯಲ್ಲಿದೆ. ಅದರ ಮೇಲೆ ಇನ್ನೊಂದು ಹಾಕಿ ಕೆಡಿಸ್ಲಾ?"

ಆ ಮನೆಗೆ ಸೊಸೆಯಾಗಿ ಬಂದಾಗಿಂದ ಹೊನ್ನಕ್ಕ ಇಂಥ ಮಾತು ಕೇಳಿರ್ಲಿಲ್ಲ. ಮುಖ ಅರಳಿತು. ಪಕ್ಕದ ಎಲೇಲಿ ಅವಳ ಗಂಡ ಎಷ್ಟನೇ ಒಬ್ಬಟ್ಟೋ ಮುರೀತಿದ್ದ. ತಿರುಗಿ ಕೇಳಿದ್ಲು, "ಏನ್ರೀ, ನಿಮಗೆ ಹೆಂಗಿದೆ?"

ಪಾಪ, ಬಾಯಿ ತುಂಬಿತ್ತು. "ಮ್ಮ್" ಅಂದ.

"ಹಂಗಾದ್ರೆ ಸಾಕು ಬಿಡಿ" ಅಂತ ಹೊನ್ನಕ್ಕ ಒಬ್ಬಟ್ಟಿನ ತಟ್ಟೆ ಎತ್ಕೊಂಡು ಒಳಗೆ ಹೋದ್ಲು!

ಅವರು ನಕ್ಕಿದ್ದು ಆ ಊರಲ್ಲಿ, ನಾವು ನಕ್ಕಿದ್ದು ಈ ಊರಲ್ಲಿ. ಕಥೆ ಮುಗೀತು, ಕಾಲು ಜೋಮು ಹಿಡ್ದಿರುತ್ತೆ, ಏಳ್ರಪ್ಪಾ, ನಡೀರಿ ಮನೆಗೆ.