ಚುಕ್ಕಾಣಿ ಹಿಡಿದವನ ಕಣ್ಣು

ಎಪ್ಪತ್ತೊಂಬತ್ತರಲ್ಲಿ ಆದದ್ದು. ನಮ್ಮ ಚಿಕ್ಕಪ್ಪನ ಮಗ ಜಯಸಿಂಹ ಕಡೇ ಬಸ್ಸು ತಪ್ಪಿಸಿಕೊಂಡು ಪೀಣ್ಯದ ಫ್ಯಾಕ್ಟರಿಯಿಂದ ನಡೆದೇ ಬರ್ತಿದ್ದ. ಮಾಕಳಿಯ ಹಳೇ ಬಾವಿ ದಾಟಿದರೆ ಮನೆ.

ಫ್ಯಾಕ್ಟರಿಯ ಪೇಂಟ್ ಶಾಪಿನವನು ಅವನು. ಮ್ಯಾನೇಜರ್ ರೂಮಿಗೆ ಅಂತ ಅಲ್ಲೇ ಕೂತು ಒಂದು ಚಿತ್ರ ಬರೀತಿದ್ದ, ತಗಡಿನ ಮೇಲೆ ಎನಾಮಲ್. ಬಿರುಗಾಳಿಯ ಸಮುದ್ರ, ಒಂದು ದೋಣಿ, ಐದು ಜನ. ಸಮುದ್ರ ಕಂಡವನೇ ಅಲ್ಲ. ಹೆಸರಘಟ್ಟದ ಕೆರೆಗೇ ಸಿಟ್ಟು ಬರಿಸಿದೀನಿ ಅಂತಿದ್ದ.

ಮೊದಲೆಲ್ಲ ದೇವರ ಪಟ ಬರೆದ ಕೈ. ಕಣ್ಣು ಕಟ್ಟಕಡೆಗೆ, ಅದೂ ತಲೆಗೆ ನೀರು ಹಾಕಿಕೊಂಡು ಬಂದೇ ಬರೀಬೇಕು. ಅಂಬಿಗರಿಗೂ ಹಾಗೇ ಮಾಡಿದ, ಪುಣ್ಯಾತ್ಮ. ನಾಲ್ವರ ಕಣ್ಣು ಮುಗೀತು... ಕರೆಂಟು ಹೋಯ್ತು. ಚುಕ್ಕಾಣಿ ಹಿಡಿದವನೊಬ್ಬ ಉಳಿದ. ಕಾದು ಕಾದು ಸಾಕಾಗಿ, ಬೆಳಿಗ್ಗೆ ಬರೆದರಾಯ್ತು ಅಂತ ಹೊರಟಿದ್ದ.

ಬಾವಿ ಹತ್ತಿರ... ಚಳಕ್.

ಅದು ಬತ್ತಿ ಎರಡು ವರ್ಷ. ಮತ್ತೆ ಚಳಕ್... ಚಳಕ್. ಮರಕ್ಕೆ ಮರ ಉಜ್ಜಿದ ಹಾಗೆ ಕಿರ್ರ್...

"ಅಣ್ಣಾ..." ಬಾವಿಯೊಳಗಿಂದ ಪಿಸುದನಿ. "ಅಲೆ ಯಾವ ಕಡೆಯಿಂದ ಬರ್ತಿದೆ?"

"ಯಾ... ಯಾರ್ರೀ?"

"ಚುಕ್ಕಾಣಿ ನನ್ನ ಕೈಲಿದೆ. ನನಗೊಬ್ಬನಿಗೇ ಕಾಣ್ತಿಲ್ಲ. ಇವರು ಕೂಗ್ತಿದಾರೆ, ಗಾಳೀಲಿ ಏನೂ ಕೇಳಿಸ್ತಿಲ್ಲ... ಬೇಗ ಹೇಳಣ್ಣಾ."

ಬಾಯಿಂದ ತಾನಾಗಿ ಬಂತು. "ಎಡಗಡೆ. ಎಡಕ್ಕೆ ತಿರುಗಿಸು."

ಕಿರ್ರ್... ಸದ್ದು ನಿಂತಿತು.

ಹತ್ತು ಹೆಜ್ಜೆ ಆದಮೇಲೆ ಹೊಳೀತು. ಎಡಗಡೆ ಅನ್ನೋದು ಚಿತ್ರ ನೋಡೋನಿಗೆ. ಚುಕ್ಕಾಣಿಯವನು ಇವನ ಕಡೆ ಮುಖ ಮಾಡಿ ಕೂತಿದಾನೆ. ಅವನಿಗೆ ಅಲೆ ಬಲಗಡೆ.

ಬಂದ ದಾರೀಲೇ ವಾಪಸು ಓಡಿದ. ಗೇಟಿನಲ್ಲಿ ವಾಚ್‌ಮನ್ ದಾಸಪ್ಪ, "ಏನ್ ಸಾಮಿ, ಮನೇಲಿ ಒದ್ದು ಓಡುಸ್ಬುಟ್ರಾ?" ಅಂದ.

"ಟಾರ್ಚ್ ಹಿಡಿಯಯ್ಯಾ, ಜನ ಸಾಯ್ತಿದಾರೆ!"

"ಎಲ್ಲಿ?"

"ಮ್ಯಾನೇಜರ್ ರೂಮಲ್ಲಿ!"

ದಾಸಪ್ಪನ ಟಾರ್ಚ್ ಬೆಳಕಲ್ಲಿ ಎರಡು ಕಣ್ಣು ಬರೆದ. ಸ್ನಾನ ಗೀನ ಯಾರಿಗೆ ನೆನಪು? ಆಮೇಲೆ ದೋಣಿಯಲ್ಲಿದ್ದವರನ್ನ ಎಣಿಸಿದ. ನಾಲ್ಕು. ಮತ್ತೆ ಎಣಿಸಿದ... ನಾಲ್ಕೇ.

"ಚೆನ್ನಾಗಿದೆ ಕಣಯ್ಯಾ" ಅಂದರಂತೆ ಮ್ಯಾನೇಜರ್, ಬೆಳಿಗ್ಗೆ. ಜಯಸಿಂಹ ಅಲ್ಲಿಂದಾಚೆಗೆ ಮೆಷೀನಿಗೆ ಹಸಿರು ಬಣ್ಣ ಬಳಿದನೇ ಹೊರತು ಮನುಷ್ಯರನ್ನ ಬರೀಲಿಲ್ಲ.

ನಗಬೇಡಿ, ಆ ಚಿತ್ರ ನಾನೇ ನೋಡಿದೀನಿ. ದೋಣಿಯ ನಡುವೆ ಒಂದು ಖಾಲಿ ಹಲಗೆ ಇದೆ. ಮರದ ಗೆರೆ, ಗಂಟು, ಒಂದು ಮೊಳೆ, ಎಲ್ಲ ನೀಟಾಗಿದೆ. ಆ ಹಲಗೆ ತಾನು ಬರೆದೇ ಇಲ್ಲ ಅಂತಾನೆ ಜಯಸಿಂಹ. ಅಲ್ಲೊಬ್ಬ ಕೂತಿದ್ದನಂತೆ.